ಒಲೆ ಉರಿಯುವ ದಿನವೇ ಬನ್ನಿ

ಫೆಬ್ರವರಿ 3, ಸೋಮವಾರ

ಬೆಳಗ್ಗೆಯಿಂದ ನೀರಿನ ಫೋನೇ. ಮೂರನೇ ಕ್ರಾಸಿಗೆ ಬಿಟ್ಟಿಲ್ಲ, ಕೌನ್ಸಿಲರ್ ಆಗಿ ಏನ್ ಮಾಡ್ತಿದೀರಾ... ಹಲ್ಲುಜ್ಜಲೂ ಬಿಡಲಿಲ್ಲ.

ಮಧ್ಯಾಹ್ನ ನಗರಸಭೆ ಮೀಟಿಂಗ್. ಕೊನೆಗೂ ಪಾಸಾಯಿತು! ಇನ್ನು ದೊಡ್ಡ ಲೇಔಟ್, ಅಪಾರ್ಟ್‌ಮೆಂಟ್ ಅರ್ಜಿ ಬಂದರೆ ಅಧಿಕಾರಿಗಳೇ ಸೈನ್ ಹಾಕಿ ಮುಗಿಸುವ ಹಾಗಿಲ್ಲ. ಸದಸ್ಯರು ಜಾಗ ನೋಡಬೇಕು, ಅಭಿಪ್ರಾಯ ಬರೆಸಬೇಕು. ಇದಕ್ಕಾಗಿ ಎಷ್ಟು ಬಾಯಿ ಬಡಿದುಕೊಂಡೆನೋ. ಅಧ್ಯಕ್ಷ ಯೋಗನರಸಿಂಹ ನಕ್ಕರು— “ಗೆದ್ರಲ್ಲ ತನುಜಮ್ಮ, ಇನ್ನಾದ್ರೂ ನಮ್ಮನ್ನ ಸುಮ್ನೆ ಬಿಡ್ತೀರಾ?”

ಮೊದಲ ಅರ್ಜಿ ನಮ್ಮ ವಾರ್ಡಿನದೇ. ರೇಷ್ಮೆ ನೂಲು ತೆಗೆಯುವ ರೀಲಿಂಗ್ ಬೀದಿಯ ಹಿಂದೆ ಮುನ್ನೂರು ಫ್ಲಾಟು. ಗೂಡು ಬೇಯಿಸುವ ವಾಸನೆ ಆ ಫ್ಲಾಟಿನವರು ತಡೆಯುತ್ತಾರಾ? ಬಂದ ಆರೇ ತಿಂಗಳಿಗೆ ಕಂಪ್ಲೇಂಟು, ಆಮೇಲೆ ನಮ್ಮವರ ಒಲೆಗೆ ಬೀಗ. ಬಿಡುವುದಿಲ್ಲ.

ಫೆ. 5, ಬುಧವಾರ

ಸೈಟ್ ವಿಸಿಟ್ ಶುಕ್ರವಾರವಂತೆ. ಶುಕ್ರವಾರ! ಜುಮ್ಮಾ ನಮಾಜ್ ಅಂತ ನಮ್ಮ ಬೀದಿಯಲ್ಲಿ ಅವತ್ತು ಒಂದು ಒಲೆಯೂ ಉರಿಯುವುದಿಲ್ಲ. ಬಿಲ್ಡರ್ ಕಡೆಯವರು ಗಿರಾಕಿಗಳನ್ನು ಕರೆತರುವುದೂ ಶುಕ್ರವಾರವೇ. ಕಳ್ಳರು.

ಎದುರುಮನೆ ನೂರ್‌ಜಾನಕ್ಕನಿಗೆ ಹೇಳಿದೆ. ರೀಲಿಂಗೇ ಅವರ ಅನ್ನ. ಆದರೂ ಅವರು— “ಶುಕ್ರವಾರಾನೇ ಬಂದು ಹೋಗ್ಲಿ ಬಿಡಮ್ಮ. ದೊಡ್ಡೋರ ಮೂಗು ನಮ್ ಕಡೆ ತಿರುಗೋದು ಬೇಡ.” ರೇಗಿಬಿಟ್ಟೆ. ಹೆದರಿ ಹೆದರಿಯೇ ನೀವು ಹೀಗಾಗಿರೋದು ಅಂದೆ.

ಫೆ. 6

ಫೋನ್ ಮೇಲೆ ಫೋನ್ ಮಾಡಿದೆ. ವಿಸಿಟ್ ಮಂಗಳವಾರಕ್ಕೆ ಬದಲಾಯಿತು. ಒಲೆ ಉರಿಯುವ ದಿನವೇ ಬರಲಿ, ಮೂಗಿಗೇ ತಿಳಿಯಲಿ.

ಫೆ. 11, ಮಂಗಳವಾರ, ಸಂಜೆ

ಅಧ್ಯಕ್ಷರು, ಸದಸ್ಯರು ಎಲ್ಲ ಬಂದರು.

ಕಾರಿನಿಂದ ಇಳಿದ ಕೂಡಲೇ ಎಲ್ಲರ ಮೂಗಿಗೂ ಕರ್ಚೀಫು. ನನಗೇನೂ ಅನ್ನಿಸಲಿಲ್ಲ— ಮದುವೆಯಾಗಿ ಬಂದಾಗಿನಿಂದ ಇದೇ ಗಾಳಿ. ಮಾತು ಶುರು ಮಾಡಿದೆ. ನೋಡಿ, ಇಲ್ಲಿ ಮುನ್ನೂರು ಮನೆ ಬಂದರೆ...

ಯೋಗನರಸಿಂಹ ತಡೆದರು. “ಅಯ್ಯೋ ದೇವ್ರೆ, ಈ ವಾಸನೇಲಿ ಹೆಂಗಮ್ಮ ಇದೀರಾ? ಮೊದ್ಲು ಇದನ್ನ ಊರಾಚೆ ಹಾಕ್ಸಣ.” ಎಲ್ಲರೂ ತಲೆಯಾಡಿಸಿದರು. ನಮ್ಮ ಮೇಲೆ ಕರುಣೆಯಿಂದ!

ಅಲ್ಲೇ ಬರೆಸಿದರು. ಫ್ಲಾಟುಗಳಿಗೆ ಒಪ್ಪಿಗೆ ಕೊಡಬಹುದು. ರೀಲಿಂಗ್ ಘಟಕಗಳನ್ನು ಸ್ಥಳಾಂತರಿಸಬೇಕು. ವಾರ್ಡ್ ಸದಸ್ಯೆಯ ಕೋರಿಕೆಯ ಮೇರೆಗೆ.

ನನ್ನ ಕೋರಿಕೆ! ಬೀದೀಲಿ ಹೋಗೋ ಮಾರೀನ ಮನೆಗೆ ಕರೆದೆ.

ಫೆ. 16, ಭಾನುವಾರ

ಬರೆಯಲು ಮನಸ್ಸಿರಲಿಲ್ಲ. ಹಾಲಿಗೂ ಹೊರಗೆ ಹೋಗಿಲ್ಲ, ನೂರ್‌ಜಾನಕ್ಕ ಸಿಗುತ್ತಾರೆ ಅಂತ. ನಾಳೆ ಮೀಟಿಂಗಿನಲ್ಲಿ ತೀರ್ಮಾನ. ಅಧ್ಯಕ್ಷರಿಗೆ ಫೋನ್ ಮಾಡಿ ಬೇಡಿಕೊಂಡೆ. “ಮೆಂಬರ್‌ಗಳನ್ನ ಕೇಳಿ ಅಂದೋರು ನೀವೇ. ಕೇಳಿದ್ವಿ. ಈಗ ಬೇಡ ಅಂದ್ರೆ ಹೆಂಗಮ್ಮ?”

ಫೋನ್ ಇಟ್ಟೆ. ನಾಚಿಕೆ, ಸಿಟ್ಟು ಎರಡೂ. ಊಟ ಸೇರುತ್ತಿಲ್ಲ.

ಫೆ. 17, ಸೋಮವಾರ, ಬೆಳಗ್ಗೆ

ಸೀರೆ ಉಟ್ಟು ಕೂತಿದ್ದೇನೆ. ಒಬ್ಬಳೇ ಎದ್ದು ನಿಂತು ಏನಂತ ಹೇಳಲಿ?

ಏನೋ ಸರಿಯಿಲ್ಲ ಅನ್ನಿಸಿ ಬಾಗಿಲು ತೆರೆದೆ. ಗಾಳಿ ಬರೀ ಗಾಳಿ, ವಾಸನೆಯೇ ಇಲ್ಲ. ಶುಕ್ರವಾರವಲ್ಲ, ಆದರೂ ಒಂದು ಒಲೆಯೂ ಉರಿಯುತ್ತಿಲ್ಲ.

ಬೀದಿ ತುಂಬ ಜನ, ಚಪ್ಪಲಿ ಮೆಟ್ಟಿ ನಿಂತಿದ್ದಾರೆ. ನೂರ್‌ಜಾನಕ್ಕ ನಮ್ಮ ಮೆಟ್ಟಿಲ ಮೇಲೆ. “ಅವ್ರು ಬಂದು ನಮ್ಮನ್ನ ನೋಡ್ಕೊಂಡು ಹೋದ್ರಲ್ಲಮ್ಮ. ನಡಿ, ಇವತ್ತು ನಾವು ಹೋಗಿ ಅವ್ರನ್ನ ನೋಡ್ಕೊಂಡು ಬರಣ.”

ಕನ್ನಡಕ ತರುತ್ತೇನೆ ಅಂತ ಒಳಗೆ ಬಂದೆ. ಕಣ್ಣೊರೆಸಿಕೊಂಡು ಇಷ್ಟು ಬರೆದೆ. “ಬಾರಮ್ಮ” ಅಂತ ಕರೀತಾ—