ಟೇಲರ್ ತಂಡ ಹಿಂದೆ ಸರಿದಿರಲಿಲ್ಲ

ಟೆಕ್ಸಸ್ಸಿನ ಕಿರಿಯರ ಲಕ್ರಾಸ್ ಲೀಗಿನ ಮಾನ್ಯ ಅಧ್ಯಕ್ಷರೇ,

ಲೀಗಿಗೆ ಹತ್ತು ವರ್ಷ ತುಂಬಿದ ಸಂಭ್ರಮಕ್ಕೆಂದು ನೀವು ವೆಬ್‌ಸೈಟಿನಲ್ಲಿ ಹಾಕಿರುವ ಇತಿಹಾಸದಲ್ಲಿ ಒಂದು ಸುಳ್ಳಿದೆ. ಹದಿನಾಲ್ಕು ಪುಟಗಳಲ್ಲಿ ನಮ್ಮ ತಂಡಕ್ಕೆ ಸಿಕ್ಕಿರುವುದು ಒಂದೇ ವಾಕ್ಯ: 'ಆಸಕ್ತಿಯ ಕೊರತೆಯಿಂದಾಗಿ ಟೇಲರ್ ತಂಡವು 2002ರಲ್ಲಿ ಸ್ವಇಚ್ಛೆಯಿಂದ ಹಿಂದೆ ಸರಿಯಿತು.' ಇದನ್ನು ತಿದ್ದಿ ಎಂದು ನಾಲ್ಕು ಸಲ ಇಂಗ್ಲಿಷಿನಲ್ಲಿ ಬರೆದೆ. ಒಂದಕ್ಕೂ ಉತ್ತರವಿಲ್ಲ. ಐದನೆಯದನ್ನು ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಓದಲು ಬರುವುದಿಲ್ಲ, ನಿಜ. ಓದಲು ಬರುವ ಭಾಷೆಯಲ್ಲಿ ಬರೆದಾಗ ಏನು ಮಹಾ ಓದಿದಿರಿ? ಇಲ್ಲಿ ಕನಿಷ್ಠ ನಾಲ್ಕು ಜನರಿಗಾದರೂ ನಡೆದದ್ದು ತಿಳಿಯುತ್ತದೆ.

1998ರಲ್ಲಿ ಡಾಲಸ್ಸಿನ ಎರಡು, ಹ್ಯೂಸ್ಟನ್ ಮತ್ತು ಆಸ್ಟಿನ್ನಿನ ಒಂದೊಂದು ತಂಡದಿಂದ ಲೀಗ್ ಶುರುವಾಯಿತು ಎಂದು ಬರೆದಿದ್ದೀರಿ. ಸರಿ. 'ಆಟವನ್ನು ಸಣ್ಣ ಊರುಗಳಿಗೂ ಕೊಂಡೊಯ್ದ ದೂರದೃಷ್ಟಿ' ಎಂದು ನಿಮ್ಮ ಬೆನ್ನನ್ನು ನೀವೇ ತಟ್ಟಿಕೊಂಡಿದ್ದೀರಿ. ಆ ಸಣ್ಣ ಊರುಗಳು ಯಾವುವು ಸ್ವಾಮಿ? ಇದ್ದದ್ದು ಒಂದೇ ಒಂದು, ಆಸ್ಟಿನ್ನಿನ ಆಚೆಗಿನ ನಮ್ಮ ಟೇಲರ್. ಅಲ್ಲಿಗೆ ಆಟವನ್ನು ಕೊಂಡೊಯ್ದವರು ನೀವಲ್ಲ. ನಾನೂ ಅಲ್ಲ.

ನಾನು ಗದಗ-ಬೆಟಗೇರಿಯಲ್ಲಿ ಹಾಕಿ ಆಡಿಕೊಂಡು ಬೆಳೆದವನು. ಆಸ್ಟಿನ್ನಿನಲ್ಲಿ ಎಂ.ಎಸ್. ಮಾಡುತ್ತಿದ್ದಾಗ ಟೇಲರ್‌ನಲ್ಲಿ ಮನೆ ಹಿಡಿದಿದ್ದೆ. ಒಂದು ಸಂಜೆ ಶಾಲೆಯ ಹಿಂದಿನ ಬಯಲಿನಲ್ಲಿ ನಾಲ್ಕು ಹುಡುಗರು ಯಾರೋ ಬಿಟ್ಟುಹೋದ ಲಕ್ರಾಸ್ ಕೋಲುಗಳನ್ನು ಹಿಡಿದು ಚೆಂಡನ್ನು ನೆಲದ ಮೇಲೆ ಬಡಿಯುತ್ತಿದ್ದರು. ಕೋಲಿನ ತುದಿಯ ಬಲೆಯಲ್ಲಿ ಚೆಂಡನ್ನು ಹಿಡಿದು ಓಡಬೇಕಾದ ಆಟ ಅದು ಎಂಬಷ್ಟು ಮಾತ್ರ ನನಗೆ ಗೊತ್ತಿತ್ತು. ನಾನು ನಿಂತು ನೋಡುವುದನ್ನು ಕಂಡ ಒಂಬತ್ತು ವರ್ಷದ ಮಾರ್ಕೋಸ್ ಹತ್ತಿರ ಬಂದ.

"ಮಿಸ್ಟರ್, ನಿಮಗೆ ಈ ಆಟ ಬರುತ್ತಾ?"

"ಇಲ್ಲಪ್ಪ."

"ನಮಗೂ ಬರಲ್ಲ. ಹಾಗಾದರೆ ನೀವೇ ನಮ್ಮ ಕೋಚ್."

ಲೈಬ್ರರಿಯ ಪುಸ್ತಕ ಓದಿ ನಾನು ಕಲಿತೆ, ಮರುದಿನ ಅವರಿಗೆ ಕಲಿಸಿದೆ. ನಾಲ್ವರು ಹತ್ತೊಂಬತ್ತಾದರು. 2000ದಲ್ಲಿ ಲೀಗ್ ಸೇರಿದೆವು, ಆಡಿದ ಏಳು ಪಂದ್ಯಗಳನ್ನೂ ಸೋತೆವು. ಮರುವರ್ಷ ಎರಡು ಗೆದ್ದೆವು. 2002ರಲ್ಲಿ ಸೆಮಿಫೈನಲ್ ತಲುಪಿದೆವು. ಆಗಸ್ಟಿನ ಬಿಸಿಲಲ್ಲಿ ತಲೆಯ ಮೇಲೆ ನೀರು ಸುರಿದುಕೊಂಡು ಅಭ್ಯಾಸಕ್ಕೆ ನಿಲ್ಲುತ್ತಿದ್ದ ಹುಡುಗರು ಇವರು. ಆಸಕ್ತಿಯ ಕೊರತೆಯಂತೆ!

ಆ ಸೆಮಿಫೈನಲ್ ಹ್ಯೂಸ್ಟನ್ನಿನಲ್ಲಿ, ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಇತ್ತು. ಶುಕ್ರವಾರ ಸಂಜೆ ನಿಮ್ಮಿಂದ ಒಂದು ಇಮೇಲ್ ಬಂತು: ಡಾಲಸ್ ತಂಡದವರು ಬೇಗ ವಿಮಾನ ಹಿಡಿಯಬೇಕಾಗಿರುವುದರಿಂದ ಪಂದ್ಯಗಳ ಹೊತ್ತನ್ನು ಬದಲಿಸಲಾಗಿದೆ, ಅವರ ಮೂರು ಗಂಟೆಯ ಪಂದ್ಯ ಹನ್ನೆರಡಕ್ಕೆ, ನಿಮ್ಮದು ಬೆಳಿಗ್ಗೆ ಒಂಬತ್ತಕ್ಕೆ. ನಾವು ನೂರ ಅರವತ್ತು ಮೈಲಿ ಡ್ರೈವ್ ಮಾಡಬೇಕು ಎಂಬುದು ನಿಮಗೆ ಹೊಳೆಯಲಿಲ್ಲ. ಹತ್ತೊಂಬತ್ತು ಮನೆಗಳಿಗೆ ಫೋನ್ ಮಾಡಿದೆ. ನಸುಕಿನಲ್ಲಿ ಎರಡು ವ್ಯಾನುಗಳಲ್ಲಿ ಹೊರಟೆವು. ಊರಿಂದ ಬಂದಿದ್ದ ನನ್ನ ತಾಯಿ ಕಾಶವ್ವ ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಮುಂದೆ ಕೂತಿದ್ದರು. ಹೈವೇಯಲ್ಲಿ ಒಂದು ಟ್ರಕ್ ಮಗುಚಿ ಎಲ್ಲ ಗಾಡಿಗಳೂ ನಿಂತವು. ಅಲ್ಲಿಂದಲೇ ನಿಮಗೆ ಫೋನ್ ಮಾಡಿದೆ. ಆಗ ನೀವು ಅಧ್ಯಕ್ಷರಲ್ಲ, ಪಂದ್ಯಗಳ ಉಸ್ತುವಾರಿ ನಿಮ್ಮದಾಗಿತ್ತು. "ನಿಧಾನವಾಗಿ ಬನ್ನಿ, ಕಾಯುತ್ತೇವೆ" ಎಂದಿರಿ. ಈ ಮಾತು ನಿಮಗೆ ಮರೆತಿರಬಹುದು. ವ್ಯಾನಿನಲ್ಲಿದ್ದ ಮಕ್ಕಳಿಗೆ ಮರೆತಿಲ್ಲ, ಅವರು ಚಪ್ಪಾಳೆ ತಟ್ಟಿದ್ದರು.

ಒಂಬತ್ತೂ ಇಪ್ಪತ್ತೆರಡಕ್ಕೆ ತಲುಪಿದೆವು. ನಮ್ಮ ಎದುರಾಳಿಗಳಾದ ಹ್ಯೂಸ್ಟನ್ ಹುಡುಗರು ಮೈದಾನದಲ್ಲೇ ಇದ್ದರು. ಅವರ ಕೋಚ್ "ಬನ್ನಿ ಬನ್ನಿ, ಶುರು ಮಾಡೋಣ" ಎಂದು ಕೈಬೀಸಿದರು. ನೀವು ಗಡಿಯಾರ ತೋರಿಸಿದಿರಿ. ಹದಿನೈದು ನಿಮಿಷ ಮೀರಿದರೆ ಸೋತಂತೆ ಎಂದು ನಿಯಮವಿದೆ ಎಂದಿರಿ. ಫೋನಿನಲ್ಲಿ ಹೇಳಿದ್ದೇನು ಎಂದು ಕೇಳಿದೆ. "ಅದು ಸೌಜನ್ಯದ ಮಾತು" ಎಂದಿರಿ.

ನನ್ನ ತಾಯಿ ಬಂದು ನನ್ನ ತೋಳು ಹಿಡಿದರು.

"ಯಾಕೋ ಚಿದಾ, ಹುಡುಗ್ರು ಯಾಕ ನಿಂತಾವ? ಆಡಸೂದಿಲ್ಲೇನು?"

"ತಡಾ ಆತಂತ ಬೇ. ರೂಲ್ ಐತಿ ಅಂತಾರ."

"ಅವರೂ ಬಂದಾರ, ಇವೂ ಬಂದಾವ. ಮತ್ತ ಆಡಬ್ಯಾಡ್ರಿ ಅನ್ನೂದು ಎಂಥಾ ರೂಲೋ ಅದು?" ಎಂದವರೇ ನಿಮ್ಮ ಮುಂದೆ ಹೋಗಿ ನಿಂತರು. "ಯಪ್ಪಾ, ನಸುಕಿನ್ಯಾಗ ಎದ್ದು ಬಂದಾವ್ರಿ ಕೂಸುಗೋಳು. ಒಂದ್ ತಾಸು ಆಡ್ಲಿ ಬಿಡ್ರಿ."

ಅವರು ಏನು ಹೇಳುತ್ತಿದ್ದಾರೆ ಎಂದು ನನ್ನನ್ನು ಕೇಳಿದಿರಿ. ಹೇಳಿದೆ. "ನಿಯಮ ಎಲ್ಲರಿಗೂ ಒಂದೇ ಎಂದು ಅವರಿಗೆ ತಿಳಿಸಿ" ಎಂದಿರಿ. ಡಾಲಸ್ಸಿನವರ ವಿಮಾನಕ್ಕಾಗಿ ಹಿಂದಿನ ಸಂಜೆ ಬಗ್ಗಿದ ನಿಯಮ, ನಮ್ಮ ಏಳು ನಿಮಿಷಕ್ಕೆ ಅಷ್ಟು ಬೇಗ ಸೆಟೆದು ನಿಂತದ್ದು ಹೇಗೆ? ಕೊನೆಗೆ ಲೆಕ್ಕಕ್ಕಿಲ್ಲದ ಪಂದ್ಯವನ್ನಾದರೂ ಆಡುತ್ತೇವೆಂದು ಎರಡೂ ತಂಡಗಳು ಕೇಳಿದವು. ಅದಕ್ಕೆ ವಿಮೆ ಇಲ್ಲ ಎಂದು ಚೆಂಡುಗಳ ಚೀಲವನ್ನು ನೀವು ಕಾರಿನಲ್ಲಿಟ್ಟು ಬೀಗ ಹಾಕಿದಿರಿ. ಮಾರ್ಕೋಸ್ ಅಳಲಿಲ್ಲ. ಆದರೆ ದಾರಿಯಲ್ಲಿ ಬಹಳ ಹೊತ್ತು ಹೆಲ್ಮೆಟ್ ತೆಗೆಯಲೇ ಇಲ್ಲ. ಅವ್ವ ಹೋಳಿಗೆಯನ್ನು ಹೆಲ್ಮೆಟ್ಟಿನ ಕಂಬಿಗಳ ಸಂದಿಯಿಂದ ಮುರಿಮುರಿದು ತಿನ್ನಿಸಿದರು.

ಸೋಲನ್ನು ನಾವು ಒಪ್ಪಿಕೊಂಡೆವು. ಮರುವರ್ಷದ ವೇಳಾಪಟ್ಟಿಯಲ್ಲಿ ಟೇಲರ್ ಹೆಸರೇ ಇರಲಿಲ್ಲ. ಕೇಳಿದರೆ "ನಿಮ್ಮ ನೋಂದಣಿ ಅರ್ಜಿ ಬರಲಿಲ್ಲ" ಎಂದರು ಲೀಗಿನ ಕಚೇರಿಯವರು. ಉಳಿದ ತಂಡಗಳಿಗೆಲ್ಲ ನೀವು ಅಂಚೆಯಲ್ಲಿ ಕಳಿಸಿದ ಖಾಲಿ ಅರ್ಜಿ ನಮಗೆ ಬಂದಿರಲೇ ಇಲ್ಲ. ಡಾಲಸ್ಸಿನ ಪಕ್ಕದ ಇರ್ವಿಂಗ್‌ನಲ್ಲಿ ನಡೆದ ನಿಮ್ಮ ಸಭೆಗೆ ಹೋದೆ. ನಮ್ಮ ವಿಷಯ ಎಂಟನೆಯದು. ಏಳು ಮುಗಿಯುತ್ತಲೇ ಊಟಕ್ಕೆ ಎದ್ದಿರಿ, ಊಟದ ನಂತರ ಸಭೆಯೇ ಇರಲಿಲ್ಲ. ಹುಡುಗರು ಇನ್ನೂ ಎರಡು ತಿಂಗಳು ಬಯಲಿಗೆ ಬಂದರು. ಎದುರಾಳಿಯೇ ಇಲ್ಲದೆ ಎಷ್ಟು ದಿನ ಅಂತ ಆಡಿಯಾರು? ಒಬ್ಬೊಬ್ಬರಾಗಿ ಬೇರೆ ಆಟಗಳಿಗೆ ಹೋದರು. ಇದಕ್ಕೆ ನೀವಿಟ್ಟ ಹೆಸರು ಸ್ವಇಚ್ಛೆ.

ಇಷ್ಟೇ ಆಗಿದ್ದರೆ ಆರು ವರ್ಷದ ಮೇಲೆ ಪೆನ್ನು ಹಿಡಿಯುತ್ತಿರಲಿಲ್ಲ. ಕಳೆದ ತಿಂಗಳು ಮಾರ್ಕೋಸ್ ಫೋನ್ ಮಾಡಿದ. ಈಗ ಅವನಿಗೆ ಹದಿನೇಳು. ಕಾಲೇಜಿನ ಅರ್ಜಿಗೆ ನಮ್ಮ ತಂಡದ ಬಗ್ಗೆ ಬರೆಯಬೇಕೆಂದು ಹುಡುಕಿದಾಗ ನಿಮ್ಮ ಇತಿಹಾಸ ಸಿಕ್ಕಿತಂತೆ.

"ಕೋಚ್, ನಮಗೆ ಆಸಕ್ತಿ ಇಲ್ಲ ಅಂತ ನೀವು ಬರೆದುಕೊಟ್ಟಿದ್ರಾ?"

"ಇಲ್ಲ ಮಾರ್ಕೋಸ್. ನಾನು ಏನೂ ಬರೆದುಕೊಟ್ಟಿಲ್ಲ."

"ಮತ್ತೆ ಅವರು ಹಾಗೆ ಯಾಕೆ ಹಾಕಿದ್ದಾರೆ?"

ನಡೆದದ್ದೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು "ಓಕೆ, ಕೋಚ್" ಎಂದ. ಆ ದನಿಯನ್ನು ನಾನು ಬಲ್ಲೆ. ದೊಡ್ಡವರು ನೆಪ ಹೇಳುವಾಗ ಮಕ್ಕಳು ಮರ್ಯಾದೆಗೆಂದು ಹಾಗೆ ಅನ್ನುತ್ತಾರೆ. ಮೂರು ವರ್ಷ ನಾನು ಹೇಳಿದ್ದನ್ನೆಲ್ಲ ನಂಬಿ ಓಡಿದ ಹುಡುಗನ ಮುಂದೆ, ನಿಮ್ಮ ಒಂದು ವಾಕ್ಯ ನನ್ನನ್ನು ಸುಳ್ಳುಗಾರನ ಜಾಗದಲ್ಲಿ ನಿಲ್ಲಿಸಿದೆ.

ಇದರ ಇಂಗ್ಲಿಷ್ ಪ್ರತಿಯನ್ನು ಸಹಿ ಹಾಕಿ ಪಡೆಯಬೇಕಾದ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಆ ವಾಕ್ಯವನ್ನು ತೆಗೆಯಿರಿ. ತಂಡವನ್ನು ಲೀಗ್ ಕೈಬಿಟ್ಟಿತು ಎಂದು ಬರೆಯಿರಿ, ಕೆಳಗೆ ಹತ್ತೊಂಬತ್ತು ಹೆಸರುಗಳನ್ನು ಹಾಕಿರಿ. ಹೆಸರುಗಳ ಪಟ್ಟಿ ಜೊತೆಗಿದೆ. ನನಗೆ ಉತ್ತರ ಬರೆಯುವ ಕಷ್ಟ ಬೇಡ, ಕ್ಷಮೆಯೂ ಬೇಡ. ಪಟ್ಟಿಯ ಮೊದಲ ಹೆಸರಿನ ಎದುರು ಒಂದು ಫೋನ್ ನಂಬರ್ ಇದೆ. ಶಾಲೆ ಬಿಟ್ಟು ಅವನು ನಾಲ್ಕಕ್ಕೆ ಮನೆಗೆ ಬರುತ್ತಾನೆ. ನಾನು ಹೇಳಿದ್ದು ನಿಜವೆಂದು ನೀವೇ ಅವನಿಗೆ ಹೇಳಿ.

ಇಂತಿ,
ಲೀಗಿಲ್ಲದಿದ್ದರೂ ಊರಲ್ಲಿ ಇನ್ನೂ ಕೋಚ್ ಎಂದೇ ಕರೆಸಿಕೊಳ್ಳುವ
ಚಿದಾನಂದ್
ಟೇಲರ್, ಟೆಕ್ಸಸ್