ಪ್ಯಾರಿಸಿನ ಸುಶೀಲಾಳಿಗೊಂದು ಹೂವಿನ ಪೂಜೆ

ನನ್ನ ಅಮ್ಮನಿಗೆ,

ನಿನ್ನ ಸುಶೀಲಾ ಬಂದಿದ್ದಾಳೆ ಅಮ್ಮ. ನೀನು ಹೋಗಿ ಮೂರು ತಿಂಗಳಾದ ಮೇಲೆ, ಮೊನ್ನೆ ಸೋಮವಾರ ಟಿವಿಯಲ್ಲಿ ಕಂಡಳು. ಕೂದಲು ಗಿಡ್ಡ ಮಾಡಿಸಿಕೊಂಡು, ಕೆನ್ನೆ ತುಂಬಿಕೊಂಡು, ಗುಂಡುಕಲ್ಲಿನ ಹಾಗೆ ಇದ್ದಾಳೆ. ನೋಡಿ ನನಗೆ ಖುಷಿಯಾಯಿತು. ಆ ಖುಷಿಯಲ್ಲಿ ಒಂದು ಫೋನ್ ಮಾಡಿದೆ ನೋಡು, ಅದಕ್ಕೇ ಈ ಕಾಗದ.

ದೋಹಾದ ಐನ್ ಖಾಲಿದ್‌ನ ಈ ಮನೆಗೆ ಟಿವಿ ಬಾಕ್ಸ್ ಹಾಕಲು ಬಂದ ಮಲಯಾಳಿ ಒಂದೊಂದೇ ಚಾನೆಲ್ ತೋರಿಸುತ್ತಿದ್ದಾಗ, ನೀನು ಫ್ರಾನ್ಸಿನ ಸಂಜೆ ವಾರ್ತೆ ನೋಡಿ "ನಿಲ್ಲಿಸಿ, ನಿಲ್ಲಿಸಿ" ಎಂದದ್ದು ನೆನಪಿದೆಯಾ?

"ಅಮ್ಮಾ, ಅದು ಫ್ರೆಂಚ್. ನಿನಗೆ ಎಂತ ಅರ್ಥ ಆಗ್ತದೆ?"

"ನಮ್ಮವರದ್ದು ಅರ್ಥ ಆಗ್ತದಾ? ಎಂಟು ಜನ ಎಂಟು ಚೌಕದಲ್ಲಿ ಕೂತು ಕಿರುಚುದು. ಇವಳು ನೋಡು, ಒಬ್ಬಳೇ ಕೂತು ಎಷ್ಟು ಚಂದ ಹೇಳ್ತಾಳೆ. ಸುಶೀಲೆ."

ಅಂದಿನಿಂದ ಅವಳು ಸುಶೀಲಾ. ಅವಳು "ಬೊನ್‌ಸ್ವಾರ್" ಎಂದರೆ ನೀನು ಸೋಫಾದಿಂದ "ಹ್ಞಾಂ, ನಮಸ್ಕಾರ" ಎನ್ನುತ್ತಿದ್ದೆ. ವಾರದ ಕೊನೆಗೆ ಅಲ್ಲಿ ಬೇರೆಯವರು ವಾರ್ತೆ ಹೇಳುವುದು ಪದ್ಧತಿ. ಆ ದಿನಗಳಲ್ಲಿ ನಿನ್ನ ಮುಖ ಸಪ್ಪೆ. ಯುದ್ಧ, ಮುಷ್ಕರ ಎಲ್ಲ ಮುಗಿಸಿ ಕೊನೆಗೆ ಯಾವುದೋ ಹಳ್ಳಿಯ ದನವನ್ನೋ ಸಂತೆಯನ್ನೋ ತೋರಿಸುತ್ತಾರಲ್ಲ, ಅದನ್ನು ನೋಡದೆ ನೀನು ಏಳುತ್ತಿರಲಿಲ್ಲ.

ಬಿಸಿಲು ಏರತೊಡಗಿದ ದಿನಗಳಲ್ಲಿ ಒಮ್ಮೆ ನೀನು, "ಸುಶೀಲನಿಗೆ ಹುಷಾರಿಲ್ಲ ಮಗಾ" ಎಂದೆ. ಎಡ ಪಕ್ಕೆ ನೋವಂತೆ, ಊಟ ಸೇರುವುದಿಲ್ಲವಂತೆ. ವಾರ ಬಿಟ್ಟು, "ಪಾಪ, ಮಲಗ್ಲಿಕ್ಕೇ ಆಗುದಿಲ್ಲ ಅವಳಿಗೆ, ದಿಂಬಿಗೆ ಒರಗಿ ಕೂತೇ ಇರ್ತಾಳೆ" ಎಂದೆ.

"ಇದೆಲ್ಲ ವಾರ್ತೆಯಲ್ಲಿ ಹೇಳಿದ್ಲಾ?"

"ಮುಖ ನೋಡಿದ್ರೆ ಗೊತ್ತಾಗುದಿಲ್ವಾ ಮಾರಾಯ್ತಿ?"

ನಾನು ಬಿದ್ದು ಬಿದ್ದು ನಕ್ಕೆ. ಕ್ಲಿನಿಕ್ಕಿನಲ್ಲಿ ಜೊತೆಯ ನರ್ಸುಗಳಿಗೂ ಹೇಳಿ ನಗಿಸಿದೆ. ದಿನವಿಡೀ ಬಂದವರ ನಾಡಿ ಹಿಡಿಯುವವಳು ನಾನು. ಮನೆಯಲ್ಲಿ "ಊಟ ಆಯ್ತಾ" ಎಂದು ಕೇಳಿ, ನಿನ್ನ ಉತ್ತರ ಬರುವ ಮೊದಲೇ ಒಳಗೆ ಹೋಗಿಬಿಡುತ್ತಿದ್ದೆ.

ಆಗಸ್ಟಿನಲ್ಲಿ ಅವಳ ಕುರ್ಚಿಗೆ ಯಾರೋ ಗಂಡಸು ಬಂದು ಕೂತ. ಅಲ್ಲಿ ಆ ತಿಂಗಳು ಅರ್ಧ ದೇಶವೇ ರಜೆ ಹಾಕಿ ಸಮುದ್ರಕ್ಕೆ ಹೋಗುತ್ತದೆ ಎಂದು ನಾನು ವಿವರಿಸಿದೆ. ನೀನು ಕೇಳಲಿಲ್ಲ. "ಊರಲ್ಲಿ ಅವಳಿಗೊಂದು ಹೂವಿನ ಪೂಜೆ ಮಾಡಿಸ್ಬೇಕು, ಮಾವನಿಗೆ ಫೋನ್ ಮಾಡಿ ಕೊಡು" ಎಂದೆ. ನಾನು ಬಿಡುತ್ತೇನಾ? "ಪೂಜೆಗೆ ನಕ್ಷತ್ರ ಬೇಕಲ್ಲ. ಪ್ಯಾರಿಸಿನವಳದ್ದು ಯಾವ ನಕ್ಷತ್ರ?" ನೀನು ನಗಲಿಲ್ಲ. "ಅದೆಲ್ಲ ನಾನು ಹೇಳ್ತೇನೆ" ಎಂದು ಫೋನ್ ಹಿಡಿದು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡೆ. ದೋಹಾದ ಆಗಸ್ಟ್ ಬಿಸಿಲಿನಲ್ಲಿ ಬಾಲ್ಕನಿಗೆ ಯಾರಾದರೂ ಹೋಗುತ್ತಾರಾ ಅಮ್ಮ? ನನಗೆ ಅದೂ ವಿಚಿತ್ರ ಅನಿಸಲಿಲ್ಲ.

ನೀನು ಬಚ್ಚಲಿನಲ್ಲಿ ಬಿದ್ದ ದಿನ ಆಸ್ಪತ್ರೆಯ ಡಾಕ್ಟರು ರಿಪೋರ್ಟ್ ಹಿಡಿದು, ಈ ಗಡ್ಡೆ ತಿಂಗಳುಗಟ್ಟಲೆ ಬೆಳೆದದ್ದು, ಇವರು ಏನೂ ಹೇಳಲಿಲ್ಲವಾ ಎಂದು ಕೇಳಿದರು. "ಇಲ್ಲ ಡಾಕ್ಟರ್, ಒಂದೇ ಒಂದು ಮಾತು ಹೇಳಲಿಲ್ಲ" ಎಂದೆ. ಹನ್ನೆರಡು ದಿನಕ್ಕೆ ನೀನು ಹೊರಟೇ ಹೋದೆ. ನಿನ್ನ ಮೇಲೆ ನನಗೆ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಮೊನ್ನೆ ಸುಶೀಲಾ ಕಂಡ ಕೂಡಲೇ ಮಾವನಿಗೆ ಫೋನ್ ಮಾಡಿದೆ. ಅವಳು ಹೋದದ್ದು ಹೆರಿಗೆ ರಜೆಗಂತೆ, ಮೊಬೈಲಿನಲ್ಲಿ ಹುಡುಕಿ ನೋಡಿದ್ದೆ. "ಮಾವ, ನೀವು ಮಾಡಿಸಿದ ಪೂಜೆ ಫಲ ಕೊಟ್ಟಿತು, ಪ್ಯಾರಿಸಿನಲ್ಲಿ ಮಗು ಹುಟ್ಟಿದೆ!"

"ಯಾವ ಪ್ಯಾರಿಸ್? ಅಕ್ಕ ಹೇಳಿದ್ದು ಅಕ್ಕನ ಹೆಸರೇ. ಕಮಲ, ಸ್ವಾತಿ ನಕ್ಷತ್ರ. 'ಆರೋಗ್ಯಕ್ಕೆ ಅಂತ ಸಂಕಲ್ಪ ಮಾಡಿಸು, ಮಗಳಿಗೆ ಹೇಳ್ಬೇಡ' ಅಂದ್ಲು. ನಿನಗೆ ಗೊತ್ತುಂಟು ಅಂತ ನಾನು..."

ಫೋನ್ ಇಟ್ಟೆ. ಮೂರು ಮಕ್ಕಳನ್ನು ಹೆತ್ತ ನಿನಗೆ ಬಸುರಿಯ ಮುಖ ಗೊತ್ತಾಗುವುದಿಲ್ಲವೇ? ಆ ಪಕ್ಕೆ ಯಾರದ್ದು? ದಿಂಬಿಗೆ ಒರಗಿ ಕೂತವಳು ಯಾರು? "ಹುಷಾರು ತಪ್ಪಿದರೆ ಮೊದಲ ವಿಮಾನಕ್ಕೇ ಊರಿಗೆ ಹತ್ತಿಸ್ತೇನೆ" ಎಂದು ನಿನಗೆ ತಮಾಷೆ ಮಾಡುತ್ತಿದ್ದವಳು ನಾನೇ. ಅದು ತಮಾಷೆ ಎಂದು ನಿನಗೆ ಹೇಳಿದ್ದೆನಾ? ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅಂತಾರೆ. ನನಗೆ ನೀನು ಕನ್ನಡಿಯನ್ನೂ ಹಿಡಿದಿದ್ದೆ. ಡಾಕ್ಟರಿಗೆ ನಾನು ಹೇಳಿದ್ದು ಸುಳ್ಳು ಅಮ್ಮ. ನೀನು ದಿನಾ ಹೇಳುತ್ತಿದ್ದೆ.

ನಿನ್ನೆ ಊಟಕ್ಕೆ ಕೂತಾಗ ನಿನ್ನ ಮೊಮ್ಮಗಳು ಶ್ರೇಯಾ, "ಮಮ್ಮಿ, ಯಾಕೆ ಪ್ಲೇಟ್ ಹಾಗೇ ಉಂಟು?" ಎಂದಳು. ಎರಡು ವಾರದಿಂದ ನನ್ನ ಎದೆಯಲ್ಲಿ ಒಂದು ಗಂಟು ಕೈಗೆ ಸಿಗುತ್ತಿದೆ. "ನಮ್ಮ ಕ್ಲಿನಿಕ್ಕಿಗೆ ಬರುವ ಒಬ್ಬರಿಗೆ..." ಎಂದು ಶುರುಮಾಡಿದೆ. ನನ್ನ ಬಾಯಿಂದಲೇ ಬಂತು ಅಮ್ಮ, ನಿನ್ನದೇ ಮಾತು, ನಿನ್ನದೇ ಧಾಟಿ. ಅಲ್ಲಿಗೇ ನಿಲ್ಲಿಸಿದೆ.

"ಒಬ್ಬರಿಗೆ ಅಲ್ಲ ಮಗಾ, ನನಗೆ" ಎಂದೆ. "ನನಗೆ ಹೆದರಿಕೆ ಆಗ್ತಾ ಉಂಟು."

ಅವಳು ಎಂಜಲು ಕೈಯಲ್ಲೇ ಎದ್ದು ಬಂದು ನನ್ನನ್ನು ಹಿಡಿದುಕೊಂಡಳು. ನಾಳೆ ಬೆಳಿಗ್ಗೆ ಸ್ಕ್ಯಾನ್ ಇದೆ. ಶಾಲೆಗೆ ರಜೆ ಹಾಕಿ ಅವಳೂ ಬರುತ್ತಾಳಂತೆ. ನಾನು ಬೇಡ ಅನ್ನಲಿಲ್ಲ.

ನಿನ್ನ ಮಗಳು