ಮುನಿರಾಮಯ್ಯನವರ ಚೇತರಿಕೆ

ಮತ್ತಿಕೆರೆ, ಸೋಮವಾರ

ಚಿಗವ್ವ,

ನಾನು ಆರಾಮಿದ್ದೇನೆ. ಹೆಬ್ಬಾಳದ ಆಸ್ಪತ್ರೆಯಲ್ಲಿ ಎಂಥ ಕೆಲಸ ಎಂದು ಕೇಳಿದ್ದೆಯಲ್ಲ. ಲಕ್ವಾ ಹೊಡೆದು ಸೇರಿದ್ದವರು ಮನೆಗೆ ಹೋಗಿ ಮೂರು ತಿಂಗಳಾದ ಮೇಲೆ ಫೋನ್ ಮಾಡಿ, ಎಷ್ಟು ಚೇತರಿಸಿಕೊಂಡಿದ್ದಾರೆಂದು ಕೇಳಿ ಅಂಕ ಹಾಕುತ್ತೇನೆ. ಆಸ್ಪತ್ರೆಯ ಚಿಕಿತ್ಸೆ ಹೇಗಿದೆಯೆಂಬ ವರದಿ ಆ ಅಂಕಗಳ ಮೇಲೆಯೇ ಹೋಗುತ್ತದೆ.

ಇವತ್ತು ಕೊಡಿಗೇಹಳ್ಳಿಯ ಮುನಿರಾಮಯ್ಯ ಎಂಬವರ ಮನೆಗೆ ಮಾಡಿದೆ. ಹೆಂಡತಿ ಅಂಜನಮ್ಮ ಎತ್ತಿದರು. ನಡೆಯುತ್ತಾರಾ ಎಂದೆ.

"ಮನೆಯೆಲ್ಲಾ ಚೆನ್ನಾಗ್ ಓಡಾಡ್ತವ್ರೆ ಕಣಮ್ಮ, ಯಾರೂ ಹಿಡ್ಕೊಬೇಕಾಗಿಲ್ಲ."

ಊಟ?

"ಅವ್ರೇ ತಿಂತಾರೆ."

ಖುಷಿಯಿಂದ ಪೂರ್ತಿ ಅಂಕ ಹಾಕಿ, ನಿಯಮದಂತೆ ಫೋನ್ ಅವರಿಗೇ ಕೊಡಿ ಎಂದೆ.

"ತಡಿಯಮ್ಮ, ಈಗ್ತಾನೆ ಎಡೆ ಇಕ್ಕಿವ್ನಿ. ಎಲೆ ಪಕ್ಕದಲ್ಲೇ ಫೋನ್ ಇಟ್ಟು, ಬಾಗ್ಲು ಹಾಕ್ಕೊಂಡು ಈಚೆ ಬರ್ತೀನಿ. ಅವ್ರು ತೀರ್ಕೊಂಡು ಇವತ್ತಿಗೆ ತಿಂಗ್ಳಾಯ್ತಲ್ಲ, ನಾವು ಎದುರಿಗಿದ್ರೆ ಉಣ್ಣಾಕಿಲ್ಲ."

ಬಾಗಿಲು ಮುಚ್ಚಿದ ಸದ್ದು ಕೇಳಿತು. ನಾನು ಅಂಕ ಅಳಿಸಿ 'ಮರಣ' ಎಂದು ಬರೆದೆ. ಫೋನ್ ಇಡಬೇಕಿತ್ತು, ಕೈ ಬರಲಿಲ್ಲ. ಆ ಖಾಲಿ ಕೋಣೆಯಲ್ಲಿ ಯಾರೋ ಒಂದು ಹೆಜ್ಜೆ ಊರಿದರು. ಅದರ ಹಿಂದೆ ಇನ್ನೊಂದು ಕಾಲು ನೆಲ ಸವರಿಕೊಂಡು ಬಂತು. ಹಾಗೇ ಬರುತ್ತಾ ಬರುತ್ತಾ ಎಲೆಯ ಹತ್ತಿರ ನಿಂತಿತು.

ನಿನ್ನ ಬಿಪಿ ಮಾತ್ರೆ ತಪ್ಪಿಸಬೇಡ, ಚಿಗವ್ವ. ಈ ಅಂಚೆ ಕಾರ್ಡಿನಲ್ಲಿ ಜಾಗ ಮುಗಿಯಿತು. ಆಸ್ಪತ್ರೆಯ ವರದಿಯಲ್ಲಿ 'ಮರಣ' ಎಂಬುದನ್ನೂ ಹೊಡೆದುಹಾಕಿ, 'ಒಂದು ಕಾಲು ಇನ್ನೂ ಎಳೆಯುತ್ತಾರೆ' ಎಂದು ಬರೆದು ಕೊಟ್ಟು ಬಂದಿದ್ದೇನೆ.

ನಿನ್ನ ಶಿವಲೀಲಾ